ಕಾರಿಗೆ ಬಂದ ಕರೆ

ಚಿಕ್ಕಪ್ಪ ವಿಜಯನಗರದ ತಮ್ಮ ಮನೆಯಿಂದ ಸ್ಪ್ಯಾನರುಗಳ ಚೀಲ ಹಿಡಿದು ನಮ್ಮ ರಾಜಾಜಿನಗರದ ಮನೆಗೆ ಬಂದ ದಿನವೇ ಇದರಲ್ಲೇನೋ ಮಸಲತ್ತಿದೆ ಎಂದು ನನಗೆ ಅನ್ನಿಸಿತು. ಅಪ್ಪ ತೀರಿಹೋದ ಮೇಲೆ ಅವರ ಹಳೇ ಇಂಗ್ಲಿಷ್ ಕಾರು ಶೆಡ್ಡಿನಲ್ಲಿ ಇಟ್ಟಿಗೆಗಳ ಮೇಲೆ ಕೂತು ವರ್ಷಗಳಾಗಿದ್ದವು. ಪೆಟ್ರೋಲ್ ಬೆಲೆ ಏರಿ ಕಾರಿದ್ದವರೂ ಬಸ್ ಹತ್ತುತ್ತಿದ್ದ ಕಾಲ ಅದು. ಇವರಿಗೇಕೆ ಈಗ ಅದರ ಮೇಲೆ ಅಕ್ಕರೆ?

ಅವರ ಮಗಳ ಮದುವೆ ಬೇರೆ ಹತ್ತಿರ ಬಂದಿತ್ತು. ಚಿಕ್ಕಮ್ಮನಿಗೆ ಕಾಯಿಲೆಯಾದಾಗ ಆ ಹುಡುಗಿಗೆ ತಲೆ ಬಾಚಿ, ತುತ್ತು ಕೊಟ್ಟು ಬೆಳೆಸಿದವಳು ನಮ್ಮಮ್ಮ. ಆದರೂ ಚಿಕ್ಕಪ್ಪ ಮದುವೆಯ ಮಾತೆತ್ತಲಿಲ್ಲ, ಲಗ್ನಪತ್ರಿಕೆ ಹಿಡಿದು ನಮ್ಮನ್ನು ಕರೆಯಲು ಯಾರೂ ಬಂದಿರಲಿಲ್ಲ. “ಬರ್ತಾರೆ ಬಿಡೇ, ಮದುವೆ ಮನೆ, ಕೆಲಸ ಇರುತ್ತೆ” ಎನ್ನುತ್ತಾ ಅಮ್ಮ ಗೇಟಿನ ಸದ್ದಾದಾಗಲೆಲ್ಲ ಇಣುಕುತ್ತಿದ್ದಳು.

ಚಿಕ್ಕಪ್ಪ ಕೆಲಸ ಬಲ್ಲವರು, ಅದನ್ನು ಅಲ್ಲಗಳೆಯುವುದಿಲ್ಲ. ಕೆಟ್ಟುಹೋದ ಪೆಟ್ರೋಲ್ ಬಸಿದರು, ಸೀಟಿನ ಕೆಳಗಿನ ಇಲಿಗೂಡು ಕಿತ್ತರು. ಎಂಜಿನ್ ಬಿಗಿದುಕೊಂಡಿತ್ತು, ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಲ್ಲಿ ಎಣ್ಣೆ ಹಾಕಿ ನೆನೆಯಲು ಬಿಟ್ಟರು. ಕಾಫಿ ಕೊಡುವ ನೆಪದಲ್ಲಿ ನಾನು ಶೆಡ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ.

“ಮಾರೋಕಾ ಚಿಕ್ಕಪ್ಪ?” ಎಂದು ಕೇಳಿಯೇಬಿಟ್ಟೆ.

“ಛೆ ಛೆ! ಅಣ್ಣನ ಕಾರು ಕಣೇ. ತುಕ್ಕು ಹಿಡೀತಾ ಇದೆಯಲ್ಲಾ ಅಂತ.” ನನ್ನ ಮುಖ ಮಾತ್ರ ನೋಡಲಿಲ್ಲ.

ಭಾನುವಾರ ಟೈರಿಗೆ ಗಾಳಿ ತುಂಬಿ, ಇಟ್ಟಿಗೆಯಿಂದ ಇಳಿಸಿ, ಬ್ಯಾಟರಿ ಕೂರಿಸಿ, ಹೊಸ ಪೆಟ್ರೋಲ್ ಹಾಕಿ, ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರು. ಕೆಮ್ಮಿ ಕೆಮ್ಮಿ ಹೊಗೆ ಕಾರಿ ಎಂಜಿನ್ ಶುರುವಾಯಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ಚಿಕ್ಕಪ್ಪ ಆಗ ಬಾಯಿಬಿಟ್ಟರು.

“ಅತ್ತಿಗೆ, ಹೆಣ್ಣು-ಗಂಡು ಇದರಲ್ಲೇ ಬರ್ಲಿ ಅಂತ ಆಸೆ. ನಾನೇ ಓಡಿಸ್ಕೊಂಡು ಹೋಗ್ತೀನಿ. ನೀವು ಆಯಾಸ ಮಾಡ್ಕೋಬೇಡಿ, ಊಟ ಮನೆಗೇ ಕಳಿಸ್ತೀನಿ.”

ಅಮ್ಮ ಬಾನೆಟ್ ಮೇಲೆ ಕೈಯಿಟ್ಟಳು.

“ಅವರು ಹೋದಾಗಿಂದ ಇದೂ ಮೂಲೇಲಿ ಕೂತಿತ್ತಪ್ಪ. ಇದು ಮದುವೆಗೆ ಬರಬಹುದು, ನಾನು ಬರಬಾರದಾ?”

“ನಾನೇನೂ ಅನ್ನಲ್ಲ ಅತ್ತಿಗೆ. ಬೀಗರು ಶಾಸ್ತ್ರ ಅಂತಾರೆ…”

“ಮಗು ಏನಂತಾಳೆ?”

ಚಿಕ್ಕಪ್ಪ ಎಣ್ಣೆಗೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದರು. “ನೀವೇ ಬರಲ್ಲ ಅಂದ್ರಿ ಅಂತ ಹೇಳಿದೀವಿ. ಅತ್ತಳು.”

ಅಷ್ಟು ದಿನ ಏನೇನೋ ಅನುಮಾನಪಟ್ಟಿದ್ದ ನನಗೂ ಇದು ಹೊಳೆದಿರಲಿಲ್ಲ.

ಅಮ್ಮ ಮುಂದಿನ ಬಾಗಿಲು ತೆಗೆದು ಕೂತಳು.

“ವಿಜಯನಗರಕ್ಕೆ ನಡಿ. ಬರ್ತೀನಿ ಅಂತ ಅವಳಿಗೆ ನಾನೇ ಹೇಳ್ತೀನಿ.”