ಏರು ಹತ್ತಿಸುವ ಮೇಸ್ತ್ರಿ
ಗುಡ್ಡದ ಬುಡದ ಶೆಡ್ಡಿನಲ್ಲಿ ಬ್ಯಾಟರಿಯ ಗಾಲ್ಫ್ ಗಾಡಿ ರಿಪೇರಿ ಮಾಡುವ ಮೇಸ್ತ್ರಿಯ ಹತ್ತಿರ ಬರುವವರದ್ದೆಲ್ಲ ಒಂದೇ ರಾಗ: ಗಾಡಿ ಬಸವನಹುಳುವಿನ ಹಾಗೆ ತೆವಳುತ್ತೆ, ಏರಿನಲ್ಲಂತೂ ಕೈ ಕೊಡುತ್ತೆ, ಏನಾದ್ರೂ ಮಾಡಿ. "ಸ್ಪೀಡ್ ಬೇಕೋ, ಎಳೆಯೋ ಶಕ್ತಿ ಬೇಕೋ?" ಅಂತ ಅವನು ಆಕಳಿಸುತ್ತಾ ಕೇಳುತ್ತಾನೆ. ಎರಡೂ ಬೇಕು ಅನ್ನದವರನ್ನು ನಾನಿನ್ನೂ ನೋಡಿಲ್ಲ. ದೊಡ್ಡ ಮೋಟಾರು, ಹೊಸ ಕಂಟ್ರೋಲರ್, ಹೆಬ್ಬೆರಳು ಗಾತ್ರದ ಕೇಬಲ್ಲು ಎಲ್ಲ ಹಾಕುತ್ತಾ, "ಇಷ್ಟು ಅವಸರದಲ್ಲಿ ಎಲ್ಲಿಗೆ ಹೋಗ್ಬೇಕೋ ಇವರಿಗೆ" ಅಂತ ಗಾಡಿಯ ಹತ್ತಿರವೇ ಗೊಣಗುತ್ತಾನೆ. ಕೊನೆಗೆ ಹಿಂದಿನ ಸೀಟಿಗೆ ಮರಳಿನ ಮೂಟೆ ಬಿಗಿದು ಏರು ಹತ್ತಿಸಿ ನೋಡುವಾಗ, ಬಲಗೈ ಸ್ಟೇರಿಂಗಿನಲ್ಲಿದ್ದರೆ ಎಡಗೈ ಹಿಂದಕ್ಕೆ ಚಾಚಿ ಮೂಟೆಯನ್ನು ಹಿಡಿದೇ ಇರುತ್ತದೆ. "ಕಟ್ಟಿದೆಯಲ್ಲ ಮೇಸ್ತ್ರಿ, ಎಲ್ಲಿ ಬೀಳುತ್ತೆ?" ಅಂದರೆ, "ಬೀಳೋದು ಹೇಳಿ ಬರುತ್ತಾ?" ಅನ್ನುತ್ತಾನೆ. ಹೀಗೆ ಶಕ್ತಿ ತುಂಬಿದ ಮೊದಲ ಗಾಡಿಯ ಹಿಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಜಂಬದಿಂದ ಹೊರಟಿದ್ದನಂತೆ; ಏರಿನಲ್ಲಿ ಗಾಡಿ ನೆಗೆಯಿತು, ಅವಳು ಉರುಳಿದಳು. ಆಮೇಲೆ ಅವಳ ಸೊಂಟ ನೆಟ್ಟಗಾಗಲಿಲ್ಲ, ಅವಳು ಗಾಡಿಯನ್ನೂ ಹತ್ತಲಿಲ್ಲ. ದಿನವಿಡೀ ಶೆಡ್ಡಿನಲ್ಲೇ ಕೂತು ಅವನಿಗೆ ಕೇಬಲ್ ತುದಿ ಸುಲಿದುಕೊಡುತ್ತಾಳೆ. ಸಂಜೆ ಬಾಗಿಲೆಳೆದು ಇಬ್ಬರೂ ಗುಡ್ಡದ ಮೇಲಿನ ಮನೆಗೆ ನಡೆದೇ ಹೋಗುತ್ತಾರೆ, ನಿಂತು ನಿಂತು. ಅವನೇ ಚುರುಕು ಮಾಡಿದ ಗಾಡಿಗಳು ಪಕ್ಕದಲ್ಲಿ ಸುಯ್ಯನೆ ದಾಟುತ್ತವೆ. "ಚೆನ್ನಾಗೇ ಹತ್ತುತ್ತೆ ಕಣ್ರೀ" ಅನ್ನುತ್ತಾಳೆ ಅವಳು, ಏದುಸಿರು ಬಿಡುತ್ತಾ. ಅವನ ಎಡಗೈ ಅವಳ ಬೆನ್ನ ಹಿಂದೆ, ಮುಟ್ಟಿಯೂ ಮುಟ್ಟದ ಹಾಗೆ, ಮನೆ ಬರುವ ತನಕ ಚಾಚಿಕೊಂಡೇ ಇರುತ್ತದೆ.