ಎಲೆಗೂ ಎಳೆಗೂ ಒಂದೇ ಉಪಾಯ

1955ರ ಮಳೆಗಾಲದಲ್ಲಿ ನಾನು ಗಜೇಂದ್ರಗಡದಲ್ಲಿ ಸ್ಯಾನಿಟರಿ ಇನ್ಸ್‌ಪೆಕ್ಟರ್ ಆಗಿದ್ದೆ. ನಮ್ಮ ಭಾಗ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ಬಾವಿ, ಗಟಾರ, ಸೊಳ್ಳೆ ಇವೇ ನನ್ನ ಕೆಲಸ. ಮನೆಯೊಳಗಿನ ಬೂಷ್ಟಿನ ಬಗ್ಗೆ ಯಾರೂ ದೂರು ಕೊಡುತ್ತಿರಲಿಲ್ಲ. ನೇಕಾರ ಶಂಕ್ರಪ್ಪ ಮಾತ್ರ ಅದಕ್ಕಾಗಿಯೇ ನನ್ನನ್ನು ಹುಡುಕಿಕೊಂಡು ಬಂದ.

ಅವನ ಹೆಂಡತಿ ನೀಲವ್ವ ಚೊಚ್ಚಲ ಬಾಣಂತನಕ್ಕೆ ಜಕ್ಕಲಿಯ ತವರಿಗೆ ಹೋಗಿದ್ದಳು. ಅವಳನ್ನೂ ಕೂಸನ್ನೂ ಕರೆತರುವ ದಿನ ಹತ್ತಿರವಾಗಿತ್ತು. ಅವನ ಅತ್ತೆ ಬಸವ್ವ ಮೊದಲೇ ಬಂದು ಮನೆ ನೋಡಿ, ಗೋಡೆಯ ಮೇಲೆ ಬೆರಳು ಎಳೆದು, ಕಪ್ಪಾದ ಬೆರಳನ್ನು ಅಳಿಯನ ಮುಂದೆ ಹಿಡಿದಿದ್ದಳಂತೆ.

“ಈ ಬೂಸ್ಟ ಹೋಗೂತನಕ ಮಗಳನ್ನೂ ಕಳಸಂಗಿಲ್ಲ, ಕೂಸನ್ನೂ ಕಳಸಂಗಿಲ್ಲ. ಅಲ್ಲೀತನಕ ನೀ ಮಗ್ಗದ ಕೂಡನ ಸಂಸಾರ ಮಾಡಪಾ!”

ಶಂಕ್ರಪ್ಪ ತನ್ನ ಕೂಸಿನ ಮುಖವನ್ನು ನೋಡಿದ್ದೇ ಒಂದು ಸಲ.

ಹೋಗಿ ನೋಡಿದೆ. ಇದ್ದದ್ದು ಒಂದೇ ಕೋಣೆ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ ಅರ್ಧ ಜಾಗ ಹಿಡಿದಿತ್ತು. ತೊಟ್ಟಿಲು ಕಟ್ಟುವ ತೊಲೆಯೂ ಅಲ್ಲೇ. ಕಿಟಕಿಗೆ ಗೋಣಿ ತುರುಕಿದ್ದ. ದಿನಾ ಬೆಳಿಗ್ಗೆ ನೆಲಕ್ಕೂ ಗೋಡೆಗೂ ನೀರು ಎರಚುತ್ತಿದ್ದ. ಗುಡ್ಡದ ಗಾಳಿ ಬಡಿದು ನೂಲು ಒಣಗಿದರೆ ಎಳೆ ಕಡಿಯುತ್ತದೆ. ಮನೆ ತಂಪಾಗಿದ್ದಷ್ಟೂ ಸೀರೆ ಚೆನ್ನ ಎಂಬುದು ಅವನ ಲೆಕ್ಕ.

ಗೋಣಿ ತೆಗೆಸಿದೆ. ನಾನು ಅಲ್ಲಿ ನಿಂತಿರುವಾಗಲೇ ಎಳೆಗಳು ಪಟಪಟನೆ ಕಡಿಯತೊಡಗಿದವು.

“ಸಾಹೇಬ್ರ, ಕಿಡಕಿ ತಗದ್ರ ಸೀರಿ ಇಲ್ಲ, ಮುಚ್ಚಿದ್ರ ಕೂಸಿಲ್ಲ. ಯಾವುದ ಬಿಡಲಿ, ನೀವ ಹೇಳ್ರಿ.”

ಗೋಣಿಯನ್ನು ಮತ್ತೆ ಕಿಟಕಿಗೆ ತುರುಕಿಸಿ ಹೊರಟೆ. ಸಂಜೆ ಮನೆಯಲ್ಲಿ ಹೆಂಡತಿ ಗಿರಿಜಾಳ ಮುಂದೆ ಇದನ್ನೆಲ್ಲ ಹೇಳಿದೆ. ಅವಳು ಸಂತೆಯಿಂದ ತಂದ ವೀಳ್ಯದೆಲೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು.

“ಎಲಿ ಒಣಗಬಾರದಂತ ಎಲಿಗೆ ಒದ್ದಿ ಅರಿವಿ ಸುತ್ತತೀನಿ. ಇಡೀ ಅಡಗಿಮನಿಗೆ ನೀರ ಹೊಡಿತೀನೇನ್ರಿ?” ಎಂದು ನಕ್ಕಳು.

ಮರುದಿನ ಶಂಕ್ರಪ್ಪನಿಗೆ ಅದನ್ನೇ ಹೇಳಿದೆ. “ಎಲಿಗೂ ಎಳಿಗೂ ಒಂದ ಔಷಧ ಅನ್ರಿ ಹಂಗಾರ!” ಎಂದ. ಗೋಡೆಗೆ ನೀರು ಎರಚುವುದು ನಿಂತಿತು. ಹಾಸಿನ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಕೆಳಗೆ ಮಾತ್ರ ಹಿಂಡಿದ ಒದ್ದೆ ಗೋಣಿ ಹಾಸಿದೆವು. ಮಗ್ಗದ ಪಕ್ಕದ ಕಿಟಕಿ ಮುಚ್ಚಿಯೇ ಇತ್ತು. ಎದುರುಬದುರು ಗೋಡೆಗಳಲ್ಲಿ, ಮಾಳಿಗೆಯ ಕೆಳಗೆ, ಒಂದೊಂದು ಕಿಂಡಿ ತೆಗೆಸಿದೆ. ಗಾಳಿ ನೂಲಿಗೆ ತಾಗದೆ ತಲೆಯ ಮೇಲೆ ಹಾಯ್ದುಹೋಗುತ್ತಿತ್ತು. ಶಂಕ್ರಪ್ಪ ಬೂಷ್ಟು ಹಿಡಿದ ಮಣ್ಣು ಕೆರೆದು, ಗೋಡೆ ಒಣಗಿದ ಮೇಲೆ ಹೊಸ ಮಣ್ಣು ಮೆತ್ತಿ, ಸುಣ್ಣ ಹಚ್ಚಿದ. ಎಳೆ ಕಡಿಯಲಿಲ್ಲ.

ದಸರೆಯ ಹೊತ್ತಿಗೆ ಬಸವ್ವ ಮತ್ತೆ ಬಂದಳು. ನನ್ನನ್ನೂ ಕರೆಸಿದ್ದರು. ಅದೇ ಗೋಡೆಗೆ ಬೆರಳು ಎಳೆದು, ಬೆಳಕಿಗೆ ಹಿಡಿದು ನೋಡಿದಳು.

“ಬೆರಳಿಗೆ ಸುಣ್ಣಾ ಹತ್ತೇತಿ,” ಎಂದಳು. “ಇನ್ನ ಎಲಿ ಅಡಕಿ ತರ್ರಿ. ನಾಳಿಗೆ ಜಕ್ಕಲಿಗೆ ಗಾಡಿ ಹೂಡಪಾ.”

ಮುಂದೆ ಯಾವ ಮನೆಗೆ ಹೋದರೂ, ಜನ ಮಾಡುತ್ತಿರುವುದನ್ನು ನಿಲ್ಲಿಸಿ ಎನ್ನುವ ಮುಂಚೆ, ಅದರಿಂದ ಅವರು ಯಾವುದನ್ನು ಕಾಪಾಡುತ್ತಿದ್ದಾರೆ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ನೌಕರಿ ನನಗೆ ಕಲಿಸಿದ್ದು ಅದು.

ಗಿರಿಜಾ ತೀರಿಹೋಗಿ ಈ ಮಳೆಗಾಲಕ್ಕೆ ವರ್ಷವಾಯಿತು. ಸಂತೆಯಿಂದ ಎಲೆ ತಂದರೆ ಈಗ ನಾನೇ ಸುತ್ತಿಡುತ್ತೇನೆ. ಬಟ್ಟೆಯನ್ನು ಎಷ್ಟು ಹಿಂಡಬೇಕೆಂದು ತಿಳಿಯದೆ ಮೊದಮೊದಲು ಎಲೆ ಕೊಳೆಯುತ್ತಿದ್ದವು. ಈಗ ಕೈಗೆ ಹದ ಬಂದಿದೆ.