ನಾನು ಸೇನೆಯನ್ನು ಹಿಂದಕ್ಕೆ ಕರೆಸಿದ್ದು

ಸರ್ಕಾರಕ್ಕಿಂತ ಐದು ದಿನ ಮೊದಲೇ ಗಡಿಯಿಂದ ಸೇನೆಯನ್ನು ಹಿಂದಕ್ಕೆ ಕರೆಸಿದ ಮೂರ್ಖ ನಾನೇ. ಕಮಲಾಪುರದ ಒಂದು ಮಿರ್ಚಿ-ಮಂಡಕ್ಕಿ ಹೋಟೆಲಿನಲ್ಲಿ ನಿಂತು, ಕೈಯಲ್ಲಿ ಅರ್ಧ ಮಿರ್ಚಿ ಹಿಡಿದುಕೊಂಡೇ ಕರೆಸಿದ್ದೆ. ನಿನ್ನೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಮೊಬೈಲಿನಿಂದ ಸರ್ಕಾರಿ ಪ್ರಕಟಣೆಯ "ಹಂತ ಹಂತವಾಗಿ" ಎಂಬ ಗಂಭೀರ ದನಿ ಕೇಳಿಸಿತು. ನನ್ನ ಗಂಟಲು ಹಳೇ ಚಾಳಿಯಂತೆ ಅದರ ಬೆನ್ನು ಹತ್ತಿತು. ಬಾಯಿ ಮುಚ್ಚಿಕೊಂಡೆ. ಯಾಕೆಂದು ಕೇಳುವಿರಾದರೆ ಸ್ವಲ್ಪ ಸರಿದು ಜಾಗ ಕೊಡಿ, ಹೇಳುತ್ತೇನೆ.

ದೇವರು ನನಗೆ ನನ್ನದೊಂದನ್ನು ಬಿಟ್ಟು ಮಿಕ್ಕ ಎಲ್ಲರ ದನಿ ಕೊಟ್ಟಿದ್ದಾನೆ. ಏರಿ ಹತ್ತಲಾರದೆ ಕೆಮ್ಮುವ ಬಸ್ಸು, ನಮ್ಮ ಕಾಲೇಜಿನ ಪ್ರಿನ್ಸಿಪಾಲರು, ಹಂಪಿ ಗೈಡುಗಳ ಇಂಗ್ಲಿಷು, ಸಿಟ್ಟು ಬಂದ ನಮ್ಮಪ್ಪ. ಒಮ್ಮೆ ಹುಡುಗಿ ನೋಡಲು ಹೋದಾಗ ಆಕೆಯನ್ನು ಅರ್ಧ ಗಂಟೆ ನಗಿಸಿದೆ. ಕೊನೆಗೆ ಆಕೆ, "ಈಗ ನೀವು ಮಾತಾಡ್ರಿ" ಅಂದಳು. ಎದ್ದು ಬಂದೆ.

ಹೋಟೆಲು ರೇಣುಕಕ್ಕನದು. ಗಂಡ ಮಾರೆಪ್ಪಣ್ಣ ಗಡಿಯಲ್ಲಿ ಸೈನಿಕ. ಅವನು ಹೋದಮೇಲೆ ಹುಟ್ಟಿದ ಮಗಳ ಮುಖವನ್ನು ಇನ್ನೂ ಎದುರಿಗೆ ಕಂಡಿರಲಿಲ್ಲ. ಅಪ್ಪ ಬರಲೆಂದು ಮಗುವಿನ ಜವಳ ಮುಂದೂಡುತ್ತ ಬಂದು, ಕೂದಲು ಕಣ್ಣಿಗಿಳಿದಿತ್ತು. ಅತ್ತೆ ಹನುಮವ್ವಜ್ಜಿಗೆ ಕಣ್ಣಿಗೆ ಪೊರೆ. ಪರದೆಯ ಹಿಂದೆ ಕೂತು ಮಂಡಕ್ಕಿ ಕೇರುತ್ತ, ಅಂಗಡಿಯ ಟಿವಿಯನ್ನು ಕಿವಿಯಿಂದಲೇ ನೋಡುತ್ತಿದ್ದಳು.

ರೋಗದ ಭಯಕ್ಕೆ ಹಂಪಿಗೆ ಪ್ರವಾಸಿಗರು ಬರುವುದು ನಿಂತಿದ್ದ ವರ್ಷವದು. ವ್ಯಾಪಾರ ಇಲ್ಲದವರಿಗೆಲ್ಲ ಅಭಿಪ್ರಾಯಗಳು ಹೆಚ್ಚಾಗಿದ್ದವು. ಸರ್ಕಾರ ಸಣ್ಣ ವ್ಯಾಪಾರಿಗಳಿಗೆ ಪ್ಯಾಕೇಜು ಸಾರಿತ್ತು. ಗಡಿಯಿಂದ ಸೇನೆ ಹಿಂದೆ ಸರಿಯುವ ಮಾತುಕತೆಯೂ ನಡೆದಿತ್ತು.

"ಒಂದು ಹೆಜ್ಜಿ ಹಿಂದ ಸರದ್ವಿ ಅಂದ್ರ ದೇಶದ ಮರ್ಯಾದಿ ಏನಾತ್ರಿ?" ಎನ್ನುತ್ತಿದ್ದರು ರಿಟೈರಾದ ಮೇಷ್ಟ್ರು, ಮಿರ್ಚಿಯ ತೊಟ್ಟು ಮುರಿಯುತ್ತ.

"ಮರ್ಯಾದಿ ಇರ್ಲಿ ಮೇಷ್ಟ್ರೇ, ನನ್ ಆಟೋದಾಗ ಪ್ಯಾಸೆಂಜರ್ ಬದ್ಲಿ ಕೋಳಿ ಮಲಗಾಕ ಹತ್ತ್ಯಾವು," ಎನ್ನುತ್ತಿದ್ದ ಆಟೋ ಬಾಷಾ. "ಪ್ಯಾಕೇಜು ದಿಲ್ಲಿ ಬಿಟ್ಟೈತಂತ. ಹೊಸಪೇಟಿ ಟೇಶನ್ನಾಗ ಇಳಿದಿದ್ದು ಯಾರರ ನೋಡೀರೇನು?"

ನನ್ನ ಅಭಿಪ್ರಾಯವೇ? ಇಬ್ಬರ ದನಿಯೂ ಬರುತ್ತಿದ್ದುದರಿಂದ ಇಬ್ಬರ ಅಭಿಪ್ರಾಯವೂ ನನ್ನದಾಗಿತ್ತು.

ಆ ಹೋಟೆಲಿನಲ್ಲೊಂದು ಪದ್ಧತಿ. ಜಾಹೀರಾತು ಬಂತೆಂದರೆ ಟಿವಿಯ ಬಾಯಿ ಮುಚ್ಚಿಸಿ ನನ್ನ ಬಾಯಿ ಬಿಚ್ಚಿಸುವುದು. ನನ್ನ ಬಸ್ಸು, ಪ್ರಿನ್ಸಿಪಾಲರು ಎಲ್ಲ ಅಜ್ಜಿಗೆ ಪರಿಚಿತರೇ. ಆದರೆ ಸರ್ಕಾರದ ಪ್ರಕಟಣೆ ಓದುವ ಟಿವಿಯ ದನಿಯನ್ನು ನಾನು ವಾರವಿಡೀ ಕೆರೆ ಏರಿಯ ಮೇಲೆ ಗುಟ್ಟಾಗಿ ಕಲಿತಿದ್ದೆ. ಅಂದು ಟಿವಿಯ ಕೆಳಗೇ ನಿಂತು ಶುರುಮಾಡಿದೆ: "ಪ್ರತಿ ಆಟೋಗೂ ಪ್ಯಾಕೇಜು ಮನೆ ಬಾಗಿಲಿಗೆ ಬರಲಿದೆ. ಗಡಿಯಲ್ಲಿರುವ ನಮ್ಮ ಯೋಧರನ್ನು ಇದೇ ಹುಣ್ಣಿಮೆಯೊಳಗೆ ಅವರವರ ಮನೆಗೆ ತಲುಪಿಸಲಾಗುವುದು." ಮೇಷ್ಟ್ರು ಒಂದು ಗಳಿಗೆ ನಿಜವೆಂದೇ ಟಿವಿ ನೋಡಿದರು. ಅಷ್ಟರಲ್ಲಿ ಬಸ್ಸು ಬಂತು, ನಾನು ಹತ್ತಿಕೊಂಡು ಹೋದೆ.

ರೇಣುಕಕ್ಕ ಅಂದು ಅದೇ ಪ್ಯಾಕೇಜಿನ ಅರ್ಜಿ ಕೊಡಲು ಹೊಸಪೇಟೆಗೆ ಹೋಗಿದ್ದಳು. ಸಂಜೆ ಅಜ್ಜಿ ಆಕೆಗೆ, ಟಿವಿಯಲ್ಲೇ ಬಂತೆಂದು ಸುದ್ದಿ ಹೇಳಿದಳು. ಗಡಿಗೆ ಫೋನು ಹತ್ತಲಿಲ್ಲ. ನಾಲ್ಕು ದಿನ ಬಿಟ್ಟು ನಾನು ಹೋದರೆ ಹೋಟೆಲಿಗೆ ಸುಣ್ಣ ಹೊಡೆಯುತ್ತಿದ್ದಾರೆ. ಹುಣ್ಣಿಮೆಯ ಮರುದಿನ ಜವಳ. ಕೂದಲು ತೆಗೆಯಲು ಸೋದರಮಾವನಿಗೆ ಕಂಪ್ಲಿಗೆ ಹೇಳಿ ಕಳಿಸಿಯಾಗಿದೆ. "ನೀನೂ ಬರಬೇಕ್ ನೋಡಪ, ನಿಮ್ಮಣ್ಣ ಬರ್ತಾನ," ಎಂದಳು ರೇಣುಕಕ್ಕ. ಹೂಂ ಎಂದು ತಲೆಯಾಡಿಸಿ ಸುಣ್ಣದ ಬ್ರಷ್ ಕೈಗೆತ್ತಿಕೊಂಡೆ.

ಹೇಡಿಯ ಅದೃಷ್ಟ ನೋಡಿ. ಮರುದಿನ ನಿಜವಾದ ಟಿವಿಯೇ ಸೇನೆ ಹಂತ ಹಂತವಾಗಿ ಹಿಂದೆ ಸರಿಯಲಿದೆ ಎಂದಿತು. ಮೇಷ್ಟ್ರು ಚಹಾ ಬಿಟ್ಟು ಎದ್ದರು. ಬದುಕಿದೆ ಎಂದುಕೊಂಡು ನಾನು ಎರಡು ಪ್ಲೇಟು ಮಿರ್ಚಿ ತಿಂದೆ.

ಹುಣ್ಣಿಮೆಗೆ ಎರಡು ದಿನವಿರುವಾಗ ಮಾರೆಪ್ಪಣ್ಣನ ಫೋನು ಬಂತು. ರೇಣುಕಕ್ಕ ಸ್ಪೀಕರ್ ಹಾಕಿದಳು. "ರಜಾ ಎಲ್ಲೀದು? ಮುಂದಿನ ಗುಡ್ಡದಿಂದ ಹಿಂದಿನ ಗುಡ್ಡಕ್ಕ ಬಂದೀವಿ, ಅಷ್ಟ. ಮನಿಗೆ ಅಂತ ಯಾರ್ ಹೇಳಿದ್ರು ನಿಮಗ?"

ಬಾಷಾ ನನ್ನ ಮುಖ ನೋಡಿದ. ಫೋನಿಟ್ಟ ಮೇಲೆ ನಾನೇ ಪರದೆ ಸರಿಸಿ ಒಳಗೆ ಹೋಗಿ, ಅಜ್ಜಿಯ ಮುಂದೆ ಕೂತು ಎಲ್ಲ ಹೇಳಿದೆ. ಬಿಕ್ಕುತ್ತ, ನಡುವೆ ತಪ್ಪುತ್ತ. ರೇಣುಕಕ್ಕ ಮಗುವಿನ ಕಣ್ಣ ಮೇಲಿನ ಕೂದಲು ಸರಿಸುತ್ತ, ನನ್ನತ್ತ ನೋಡದೆ, "ಜವಳ ನಿಲ್ಲಸೂದಿಲ್ಲ. ಕೂಸಿಗೆ ಕಣ್ಣು ಕಾಣಬೇಕಲ್ಲ," ಎಂದಳು.

ಅಜ್ಜಿ ಮೊರ ಕೆಳಗಿಟ್ಟಳು. ತಡಕಾಡಿ ನನ್ನ ಕಿವಿ ಸಿಕ್ಕಿದ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಳು.

"ತಪ್ಪು ನಂದಲೇ. ಹುಣ್ಣಿಮಿಯೊಳಗ ಅಂದಾಗ್ಲೇ ತಿಳೀಬೇಕಿತ್ತು. ಖರೇ ಸರಕಾರ ಎಂದಾರ ದಿನ ಹೇಳತೈತೇನು?"